ಸದ್ದಿಲ್ಲದ ಕಡಲಿನ ಮಗ್ಗುಲಲ್ಲಿ

ಕಡಲಿನ ಮಗ್ಗುಲಲ್ಲಿ ಒಂದು ಮನೆ. ಕಣ್ಣು ತೆರೆದರೆ ಕಿಟಕಿಯ ತುಂಬ ನೀಲಿ ನೀರು. ಅಡುಗೆಗೆ ಬೇಸರವಾದರೆ ಬೆಳ್ಳಿಯ ಮುಚ್ಚಳ ಹೊತ್ತ ತಟ್ಟೆ ಕೆಳಗಿನಿಂದ ಮೇಲೆ ಬರುತ್ತದೆ. ಹಾಸಿಗೆಯನ್ನು ಸರಿಪಡಿಸುವುದಕ್ಕೂ ಆಳುಂಟು. ಇಂಥ ಬಾಳನ್ನು ಬೇಡವೆನ್ನುವವರು ಯಾರು? ಮರವಂತೆಯ ಸಮೀಪದ ಹಳ್ಳಿಯೊಂದರಲ್ಲಿ ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಟೀಚರಮ್ಮನವರೂ ಬೇಡವೆನ್ನಲಿಲ್ಲ. ಏಪ್ರಿಲ್ ತಿಂಗಳ ಕೊನೆಯಲ್ಲಿ ಮಂಗಳೂರಿನಿಂದ ವಿಮಾನವೇರಿ, ಮೂರೂವರೆ ಗಂಟೆಯ ಪ್ರಯಾಣದ ಬಳಿಕ ದುಬಾಯಿಯಲ್ಲಿಳಿದು, ಅವರು ಮಗಳ ಹೊಸ ಮನೆಗೆ ಬಂದರು. ಅವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಭರಣಿ, ಕಬ್ಬಿಣದ ಕಾವಲಿ, ಒಂದು ಡಬ್ಬಿ ರಂಗೋಲಿ ಪುಡಿ ಇದ್ದವು. ಮಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಇತ್ತು. ಊರಿನ ಮನೆಯನ್ನು ಮಾರಿ ಅಮ್ಮ ಇಲ್ಲಿಯೇ ಉಳಿದುಬಿಡಬಾರದೇಕೆ?

ಮನೆಯಿರುವುದು ಪಾಮ್ ಜುಮೇರಾ ಎಂಬ ದ್ವೀಪದಲ್ಲಿ. ಇದು ಮನುಷ್ಯರು ನಿರ್ಮಿಸಿದ ದ್ವೀಪ. 2001ರಲ್ಲಿ ಕೆಲಸ ಆರಂಭವಾದಾಗ ಇಲ್ಲಿ ಬರಿಯ ನೀರಿತ್ತು. ಕಡಲ ತಳದಿಂದ ಮರಳನ್ನು ಹೀರಿ ತಂದ ಹಡಗುಗಳು ಅದನ್ನು ಕಾಮನಬಿಲ್ಲಿನಂತೆ ಚಿಮ್ಮಿಸಿ, ಖರ್ಜೂರದ ಮರದ ಆಕಾರದಲ್ಲಿ ನೆಲವನ್ನು ಎತ್ತಿದವು. ನಡುವೆ ಕಾಂಡ, ಇಕ್ಕೆಲಗಳಲ್ಲಿ ಗರಿಗಳು, ಸುತ್ತಲೂ ಸುಮಾರು 11 ಕಿಲೋಮೀಟರ್ ಉದ್ದದ ಕಲ್ಲಿನ ಕಮಾನು. ಇದಕ್ಕೆ ಹಿಡಿದ ಮರಳು 9 ಕೋಟಿ 40 ಲಕ್ಷ ಘನಮೀಟರ್. ಕಲ್ಲು 70 ಲಕ್ಷ ಟನ್ನು. "ಇಷ್ಟು ದೊಡ್ಡ ಮರಳುಗಾಡು ಪಕ್ಕದಲ್ಲೇ ಇರುವಾಗ ಕಡಲಿನ ಮರಳೇಕೆ ಅಜ್ಜಿ?" ಎಂದು ಎಂಟು ವರ್ಷದ ಮೊಮ್ಮಗಳು ಕೇಳಿದಳು. ಟೀಚರಮ್ಮನೊಳಗಿನ ಉಪಾಧ್ಯಾಯಿನಿ ಎಚ್ಚೆತ್ತರು. ಗಾಳಿಗೆ ಉರುಳುರುಳಿ ದುಂಡಗಾದ ಮರುಭೂಮಿಯ ಕಾಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಕಡಲಿನ ಒರಟು ಮರಳು ಕಚ್ಚಿಕೊಳ್ಳುತ್ತದೆ ಎಂದು ಸಾಸಿವೆ ಮತ್ತು ಬೆಲ್ಲದ ಪುಡಿಯನ್ನು ಮುಂದಿಟ್ಟು ತಿಳಿಸಿದರು.

ಮನೆಯ ವಿಶೇಷ ಅದಕ್ಕಂಟಿದ ಹೆಸರಿನಲ್ಲಿದೆ. ಕಟ್ಟಡಕ್ಕೆ ಲೋಕವಿಖ್ಯಾತವಾದ ಒಂದು ಹೋಟೆಲಿನ ಹೆಸರಿದೆ. ಅರ್ಧಭಾಗ ಹೋಟೆಲು, ಇನ್ನರ್ಧ ಸ್ವಂತ ಮನೆಗಳು. ಕಲ್ಪನೆ ಹೊಸದೇನಲ್ಲ, ನ್ಯೂಯಾರ್ಕಿನ ಶೆರಿ ನೆದರ್ಲೆಂಡಿನಲ್ಲಿ 1927ರಷ್ಟು ಹಿಂದೆಯೇ ಕುಟುಂಬಗಳು ನೆಲೆನಿಂತು ಹೋಟೆಲಿನ ಉಪಚಾರವನ್ನು ಪಡೆಯುವ ಏರ್ಪಾಡಿತ್ತು. ದುಬಾಯಿಯಲ್ಲಿ 2006ರ ಕಾನೂನು ಕೆಲವು ಗೊತ್ತಾದ ಪ್ರದೇಶಗಳಲ್ಲಿ ಪರದೇಶದವರಿಗೂ ಪೂರ್ಣ ಸ್ವಾಮ್ಯವನ್ನು ಕೊಟ್ಟಮೇಲೆ ಈ ಬಗೆಯ ಮನೆಗಳು ಸಾಲುಸಾಲಾಗಿ ಎದ್ದವು. 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿಯುಳ್ಳವರಿಗೆ ಹತ್ತು ವರ್ಷದ ವಾಸದ ಪರವಾನಗಿಯೂ ದೊರೆಯುತ್ತದೆ. ಮಗಳು, ಅಳಿಯ ಇಬ್ಬರೂ ದುಡಿದು, ಬ್ಯಾಂಕಿನ ಸಾಲವನ್ನೂ ಹೊತ್ತು, ಒಂಬತ್ತನೆಯ ಅಂತಸ್ತಿನಲ್ಲಿ ಎರಡು ಕೋಣೆಯ ಮನೆಯೊಂದನ್ನು ಕೊಂಡಿದ್ದರು.

ಮೊದಲ ದಿನ ಕೆಳಗಿನ ಹಜಾರದಲ್ಲಿ ಸಮವಸ್ತ್ರದ ಹುಡುಗನೊಬ್ಬ ತಲೆಬಾಗಿ, "ನಿಮ್ಮ ಮನೆಗೆ ಸುಸ್ವಾಗತ, ಮೇಡಂ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಹಜಾರದ ತುಂಬ ಮಲ್ಲಿಗೆಯದೂ ಅಲ್ಲದ, ಗಂಧದ್ದೂ ಅಲ್ಲದ ಒಂದು ಪರಿಮಳ. ಟೀಚರಮ್ಮ ಅಲ್ಲಿಯೇ ಚಪ್ಪಲಿ ಬಿಚ್ಚಲು ಬಾಗಿದರು. "ಇಲ್ಲಿ ಅಲ್ಲಮ್ಮ, ಮೇಲೆ," ಎಂದಳು ಮಗಳು. ಮೇಲೆ ಹೋದರೆ ಉದ್ದನೆಯ ಓಣಿಯಲ್ಲಿ ಮೆತ್ತನೆಯ ಜಮಖಾನ, ಒಂದೇ ರೂಪಿನ ಬಾಗಿಲುಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಬಾಗಿಲು ತೆರೆದರೆ ಹೊರಗಿನ ನೆಲವೇ ಒಳಗೂ ಮುಂದುವರಿಯಿತು.

"ಹೊಸ್ತಿಲು ಎಲ್ಲಿ ಮಗಾ?"

"ಇಲ್ಲಿ ಹೊಸ್ತಿಲು ಇಡುವುದಿಲ್ಲಮ್ಮ. ಪೆಟ್ಟಿಗೆಯ ಗಾಲಿಗೆ ತಡೆಯಾಗುತ್ತದೆ."

ಟೀಚರಮ್ಮ ಹೊಸ್ತಿಲಿರಬೇಕಾಗಿದ್ದ ಜಾಗವನ್ನು ಅಂದಾಜಿನಿಂದ ದಾಟಿ, ಬಲಗಾಲಿಟ್ಟು ಒಳಗೆ ಬಂದರು.

ದಿನಚರಿಯಲ್ಲಿ ಸುಖಕ್ಕೆ ಕೊರತೆಯಿರಲಿಲ್ಲ. ಬೆಳಗಿನ ಐದೂವರೆಗೆ ಅವರು ಕಡಲ ತೀರಕ್ಕಿಳಿಯುವ ಹೊತ್ತಿಗೆ ಚಿಕ್ಕ ಯಂತ್ರವೊಂದು ಮರಳನ್ನು ಬಾಚಿ ಸಮ ಮಾಡುತ್ತಿರುತ್ತಿತ್ತು. ಹಿಂದಿನ ದಿನದ ಹೆಜ್ಜೆಗಳೂ ಮಕ್ಕಳು ಕಟ್ಟಿದ ಗುಬ್ಬಿಗೂಡುಗಳೂ ಅಳಿಸಿಹೋಗಿ, ತೀರವು ಆಗತಾನೆ ಒಗೆದು ಹಾಸಿದ ಬಟ್ಟೆಯಂತೆ ಕಾಣುತ್ತಿತ್ತು. ಆರಾಮಕುರ್ಚಿಗಳು ಸಾಲಾಗಿ ಬರುತ್ತಿದ್ದವು. ಪ್ರತಿ ಕುರ್ಚಿಗೂ ಮಡಿಚಿದ ಒಂದು ಬಿಳಿ ಟವೆಲ್. ಕೈಗೆ ಕಟ್ಟಿದ ಪಟ್ಟಿಯನ್ನು ತೋರಿಸಿದವರಿಗೆ ಮಾತ್ರ ಅಲ್ಲಿ ಪ್ರವೇಶ. ಕಡಲಿಗಿಳಿಯಲು ಚೀಟಿ ಬೇಕೆಂಬುದು ಟೀಚರಮ್ಮನವರಿಗೆ ಕೆಲದಿನ ನಗೆ ತರಿಸಿತು.

ಆದರೆ ಕಡಲು ಮಾತಾಡುತ್ತಿರಲಿಲ್ಲ. ಅದೇ ಅವರಿಗೆ ಸೋಜಿಗ. ಕಲ್ಲಿನ ಕಮಾನು ಹೊರಗಿನ ಅಲೆಗಳನ್ನು ತಡೆದು ನಿಲ್ಲಿಸಿದ್ದುದರಿಂದ ಒಳಗಿನ ನೀರು ಕೆರೆಯಂತಿತ್ತು. ಹೀಗೆ ನಿಂತ ನೀರು ಕೆಡಬಾರದೆಂದು ಕಮಾನಿನಲ್ಲಿ ಎರಡು ಕಡೆ ದಾರಿ ಬಿಟ್ಟಿದ್ದಾರೆಂದು ಅಳಿಯ ವಿವರಿಸಿದ. ಅಲೆಯಬ್ಬರದಲ್ಲಿ ಹುಟ್ಟಿ, ಅದರಲ್ಲಿಯೇ ನಿದ್ರಿಸಿ, ತರಗತಿಯಲ್ಲಿ ಅದರ ಮೇಲೆ ದನಿಯೇರಿಸಿ ಪಾಠ ಹೇಳಿದ್ದ ಹೆಂಗಸಿಗೆ ಈ ಮೌನದಲ್ಲಿ ನಿದ್ರೆ ಹತ್ತುವುದು ತಡವಾಯಿತು.

ಮೂರನೆಯ ದಿನ ಅವರು ಬಾಗಿಲ ಮುಂದೆ ಐದು ಎಳೆಯ ಸಣ್ಣ ರಂಗೋಲಿಯೊಂದನ್ನು ಬಿಡಿಸಿದರು. ಜಮಖಾನಕ್ಕೂ ಬಾಗಿಲಿಗೂ ನಡುವೆ ಗೇಣಗಲದ ಕಲ್ಲಿನ ಪಟ್ಟಿಯಿತ್ತು. ಕಾಫಿ ಕುಡಿದು ಬಂದು ನೋಡುವಷ್ಟರಲ್ಲಿ ಅದು ಮಾಯವಾಗಿತ್ತು. ಮರುದಿನ ಮತ್ತೆ ಬಿಡಿಸಿದರು, ಮತ್ತೆ ಮಾಯ. ನಾಲ್ಕನೆಯ ಸಲ ಕಾದು ನಿಂತಾಗ, ನೇಪಾಳದಿಂದ ಬಂದ ಶುಚಿ ಮಾಡುವ ಹೆಣ್ಣುಮಗಳು ಒದ್ದೆ ಬಟ್ಟೆ ಹಿಡಿದು ಬಂದಳು. ತನಗೆ ಗೊತ್ತಿದ್ದ ಹಿಂದಿಯಲ್ಲಿ, "ಅಮ್ಮಾ, ಹತ್ತು ನಿಮಿಷಕ್ಕೊಮ್ಮೆ ಮೇಲಿನವರು ನೋಡುತ್ತಾರೆ. ನಮ್ಮ ಮನೆಯಲ್ಲೂ ದೀಪಾವಳಿಗೆ ಬಣ್ಣ ಹಾಕುತ್ತೇವೆ. ಏನು ಮಾಡಲಿ?" ಎಂದಳು. ಅಂದಿನಿಂದ ಇಬ್ಬರಲ್ಲೂ ಒಂದು ಒಪ್ಪಂದವಾಯಿತು. ಟೀಚರಮ್ಮ ಐದಕ್ಕೆ ರಂಗೋಲಿ ಹಾಕುವುದು. ಆಕೆ ಆ ಓಣಿಯನ್ನು ಎಲ್ಲಕ್ಕಿಂತ ಕೊನೆಯಲ್ಲಿ, ಎಂಟಕ್ಕೆ ಒರಸುವುದು. ಮೂರು ಗಂಟೆಯ ಆಯುಸ್ಸು ರಂಗೋಲಿಗೆ ಸಾಕು ಎಂದುಕೊಂಡರು ಅವರು.

ನೆರೆಹೊರೆ ಎಂಬುದು ಅಲ್ಲಿರಲಿಲ್ಲ. ಮನೆಗಳನ್ನು ಕೊಂಡವರಲ್ಲಿ ಹಲವರು ಅವನ್ನು ಹೋಟೆಲಿನವರ ಮೂಲಕ ಬಾಡಿಗೆಗೆ ಬಿಟ್ಟಿದ್ದರು. ಎಡಬದಿಯ ಬಾಗಿಲಲ್ಲಿ ಸೋಮವಾರ ಕಂಡ ಮುಖ ಗುರುವಾರ ಕಾಣುತ್ತಿರಲಿಲ್ಲ. ಒಂದು ದಿನ ಬಂಗುಡೆ ಹುರಿದಾಗ ಹದಿನೈದು ನಿಮಿಷದಲ್ಲಿ ಕೆಳಗಿನಿಂದ ಫೋನು ಬಂತು. ಅತ್ಯಂತ ವಿನಯದ ದನಿ: "ಎಲ್ಲವೂ ಕ್ಷೇಮವಷ್ಟೆ, ಮೇಡಂ? ಪಕ್ಕದ ಅತಿಥಿಗಳು ವಿಚಾರಿಸುತ್ತಿದ್ದಾರೆ." ಟೀಚರಮ್ಮ ಒಲೆಯನ್ನು ನಂದಿಸಿ, "ಕಡಲಿನ ಮೇಲೆಯೇ ಮನೆ ಕಟ್ಟಿ ಮೀನಿನ ವಾಸನೆಗೆ ಹೆದರುವುದೆಂದರೇನು, ಮಾರಾಯ್ತಿ!" ಎಂದು ಮಗಳಿಗೆ ಹೇಳಿದರು. ಮಗಳು ನಕ್ಕಳು, ಆದರೆ ಆಮೇಲೆ ಆ ಮನೆಯಲ್ಲಿ ಮೀನು ಹುರಿಯಲಿಲ್ಲ. ಸೀರೆಯನ್ನು ಮೊಗಸಾಲೆಯಲ್ಲಿ ಒಣಹಾಕುವಂತೆಯೂ ಇರಲಿಲ್ಲ. ಊರಿನ ಕಾವಲಿ ಗಾಜಿನ ಒಲೆಯ ಮೇಲೆ ಕೂಡದೆ ಪೆಟ್ಟಿಗೆಗೇ ಮರಳಿತು.

ಮೇ ತಿಂಗಳ ನಡುವೆ ಒಂದು ರಾತ್ರಿ ಈ ಎಲ್ಲ ಹಾಸ್ಯಕ್ಕೂ ಬೇರೆ ಅರ್ಥ ಬಂತು. ಅಳಿಯ ಪರದೇಶದಲ್ಲಿದ್ದ, ಮಗಳು ಕೆಲಸದ ಮೇಲೆ ಅಬುಧಾಬಿಗೆ ಹೋಗಿದ್ದಳು. ಎರಡು ಗಂಟೆಗೆ ಟೀಚರಮ್ಮನವರಿಗೆ ಬೆವರು ಕಿತ್ತುಬಂದು ಕಣ್ಣು ಕತ್ತಲಿಟ್ಟಿತು. ಮೊಮ್ಮಗಳು ಫೋನಿನ ಒಂದು ಗುಂಡಿಯನ್ನೊತ್ತಿದಳು. ನಾಲ್ಕು ನಿಮಿಷದಲ್ಲಿ ಕೆಳಗಿನ ಮೇಜಿನ ಮಲೆಯಾಳಿ ಹುಡುಗ ಗಾಲಿಕುರ್ಚಿಯೊಡನೆ ಬಂದ. 998ಕ್ಕೆ ಕರೆ ಮಾಡಿದವನೂ ಅವನೇ; ಆಂಬುಲೆನ್ಸು ಬರುವವರೆಗೆ ಅವರ ಕೈಹಿಡಿದು ಕುಳಿತು, "ಅಮ್ಮೆ, ಹೆದರಬೇಡಿ" ಎನ್ನುತ್ತಿದ್ದವನೂ ಅವನೇ. ರಕ್ತದಲ್ಲಿ ಸಕ್ಕರೆ ಇಳಿದಿತ್ತು, ಬೆಳಗಾಗುವುದರೊಳಗೆ ಸರಿಹೋಯಿತು.

ಊರಿನಲ್ಲಿ ಹೀಗಾಗಿದ್ದರೆ? ಮಗಳು ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅಲ್ಲಿ ಹಾಲಿನವಳು ಆರೂವರೆಗೆ ಬರುವ ತನಕ ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸ್ತಿಲಿಲ್ಲದ ಈ ಮನೆಯಲ್ಲಿ ಗಾಲಿಕುರ್ಚಿ ಸಲೀಸಾಗಿ ಒಳಗೆ ಬಂದಿತ್ತು ಎಂಬುದನ್ನು ಟೀಚರಮ್ಮನವರೂ ಗಮನಿಸಿದ್ದರು. ಮನೆ ಮಾರುವ ಮಾತಿಗೆ ಆ ವಾರ ಅವರು, "ನೋಡೋಣ" ಎಂದರು. ಅದುವರೆಗೆ ಅವರ ಉತ್ತರ "ಇಲ್ಲ" ಎಂದಿತ್ತು.

ಮಗಳು ಅವರನ್ನು ಜೆಬೆಲ್ ಅಲಿಯಲ್ಲಿ 2022ರ ಅಕ್ಟೋಬರಿನಲ್ಲಿ ತೆರೆದ ದೇವಸ್ಥಾನಕ್ಕೆ ಕರೆದೊಯ್ದಳು. ಕರಾಮದ ಅಂಗಡಿಯಲ್ಲಿ ಉಡುಪಿಯ ಶಂಕರಪುರದ ಮಲ್ಲಿಗೆಯನ್ನು ಕೊಡಿಸಿದಳು. ಹೂವು ಮಂಗಳೂರಿನಿಂದ ವಿಮಾನದಲ್ಲಿ ಬಂದಿತ್ತು, ಅವರಂತೆಯೇ. ಎಲ್ಲವೂ ಇಲ್ಲಿ ದೊರೆಯುತ್ತದೆ ಎಂದು ಮಗಳು ತೋರಿಸಿಕೊಡುತ್ತಿದ್ದಳು, ಎಲ್ಲವೂ ದೊರೆಯುತ್ತಿತ್ತು.

ಜೂನ್ ಬಂತು. ಮರಳಿನ ಮೇಲೆ ಬರಿಗಾಲಿಡುವಂತಿರಲಿಲ್ಲ. ಕಡಲಿನ ನೀರೂ ಬಿಸಿ. 15ನೆಯ ತಾರೀಖಿನಿಂದ ಮೂರು ತಿಂಗಳು, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂದು ಆ ದೇಶದ ಕಟ್ಟಳೆ. ಆ ಹೊತ್ತಿಗೆ ತೋಟದ ಆಳುಗಳು ಕಟ್ಟಡದ ನೆರಳಿನಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿ ಮಲಗುವುದನ್ನು ಟೀಚರಮ್ಮ ಮೇಲಿನಿಂದ ನೋಡುತ್ತಿದ್ದರು. ಊರಿನಲ್ಲಿ ಅದೇ ಜೂನಿನ 1ನೆಯ ತಾರೀಖಿನಿಂದ ಯಾಂತ್ರಿಕ ದೋಣಿಗಳು ಎರಡು ತಿಂಗಳು ದಡದಲ್ಲಿ ಉಳಿಯುತ್ತವೆ. ಅಲ್ಲಿ ಕೆಲಸ ನಿಲ್ಲಿಸುವುದು ಮಳೆ, ಇಲ್ಲಿ ಬಿಸಿಲು ಎಂದುಕೊಂಡರು.

ನೆರೆಮನೆಯಾತ ಊರಿನಿಂದ ಫೋನು ಮಾಡಿದ. ಮಳೆ ಹಿಡಿದಿದೆ. ಸೌಪರ್ಣಿಕೆ ಕೆಂಪಾಗಿ ಹರಿಯುತ್ತಿದೆ. ಒಂದು ಕಡೆ ನದಿ, ಒಂದು ಕಡೆ ಕಡಲು, ನಡುವೆ ಹೆದ್ದಾರಿ ಇರುವ ಆ ಎಡೆಯಲ್ಲಿ ಅಲೆ ಕಲ್ಲಿನ ಒಡ್ಡಿಗೆ ಬಡಿಯುವ ಸದ್ದು ಒಳದಾರಿಯವರೆಗೆ ಕೇಳುತ್ತಿದೆ. ಹಿತ್ತಿಲ ಕೊನೆಯ ತೆಂಗಿನ ಮರ ಒಂದು ಕಡಲ ಪಾಲಾಯಿತು.

"ಕೇಳಿದೆಯಾ ಅಮ್ಮ?" ಎಂದಳು ಮಗಳು. "ಇನ್ನೈದು ವರ್ಷಕ್ಕೆ ಮನೆಯೇ ಹೋಗಬಹುದು. ಬೆಲೆಯಿರುವಾಗಲೇ ಮಾರುವುದು ಜಾಣತನ."

ಟೀಚರಮ್ಮ ತಟ್ಟನೆ ಉತ್ತರಿಸಲಿಲ್ಲ. ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ರಾತ್ರಿ ಮಗಳು ಲೆಕ್ಕ ಬರೆಯಲು ಕುಳಿತಾಗ ಅವರು ಪಕ್ಕದಲ್ಲಿ ಕುಳಿತರು. "ಎಷ್ಟು ಬರುತ್ತದೆ, ಓದು ನೋಡೋಣ." ಮಗಳು ಓದಿದಳು. ಬ್ಯಾಂಕಿನ ಕಂತು. ಚದರಡಿಗೆ ಇಷ್ಟೆಂದು ವರ್ಷವರ್ಷವೂ ತೆರಬೇಕಾದ ಸೇವಾ ಶುಲ್ಕ. ತೀರದ ಬಾಚಣಿಗೆ, ಹಜಾರದ ಪರಿಮಳ, ಟವೆಲು, ವಿನಯ ಎಲ್ಲವೂ ಅದರಲ್ಲಿ ಸೇರಿದ್ದವು. ನೀರು ಮತ್ತು ವಿದ್ಯುತ್ತಿನದು ಒಂದು ಬಿಲ್ಲು. ಕೊಳವೆಯಲ್ಲಿ ಬರುವ ತಣ್ಣೀರಿನಿಂದ ಮನೆಯನ್ನು ತಂಪಾಗಿಡುವುದಕ್ಕೆ ಇನ್ನೊಂದು. ಮನೆಗೆ ಬೀಗ ಹಾಕಿದ್ದರೂ ಅದರಲ್ಲಿ ಒಂದು ನಿಶ್ಚಿತ ಭಾಗವನ್ನು ಕಟ್ಟಲೇಬೇಕು.

"ಇದನ್ನು ಕಡಿಮೆ ಮಾಡಿ ಎಂದು ಮನೆಯವರೆಲ್ಲ ಸೇರಿ ಕೇಳಬಾರದೆ?"

"ಬೇರೆ ಕಟ್ಟಡಗಳಲ್ಲಿ ಮಾಲೀಕರ ಸಮಿತಿ ಇರುತ್ತದಮ್ಮ. 2019ರ ಕಾನೂನಿನ ಪ್ರಕಾರ ಹೋಟೆಲು ಸೇರಿದ ಕಟ್ಟಡದ ಆಡಳಿತವೆಲ್ಲ ಹೋಟೆಲಿನ ಕಡೆಯವರದೇ."

"ಹಾಗಾದರೆ ಮನೆ ನಿನ್ನದು, ಆಳ್ವಿಕೆ ಅವರದು."

ಮಗಳು ಲೇಖನಿಯನ್ನು ಕೆಳಗಿಟ್ಟಳು. ಬಹಳ ದಿನದಿಂದ ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಅಳಿಯನ ಕಂಪೆನಿಯಲ್ಲಿ ಜನರನ್ನು ತೆಗೆಯುತ್ತಿದ್ದರು. ಇಬ್ಬರಲ್ಲಿ ಒಬ್ಬರ ಸಂಬಳ ನಿಂತರೂ ಆರು ತಿಂಗಳಿಗಿಂತ ಹೆಚ್ಚು ಈ ಮನೆಯನ್ನು ಹಿಡಿದಿಡಲಾಗದು. "ಊರಿನ ಮನೆಯ ಹಣ ಬಂದರೆ ಒಂದಿಷ್ಟು ಸಾಲ ತೀರುತ್ತಿತ್ತು ಎಂದೂ ಯೋಚಿಸಿದ್ದೆ, ಅಮ್ಮ. ನಿನ್ನ ಆರೋಗ್ಯಕ್ಕಾಗಿ ಮಾತ್ರ ಅಲ್ಲ," ಎಂದು ತಲೆತಗ್ಗಿಸಿದಳು.

ತಾಯಿ ಮಗಳ ಬೆನ್ನು ಸವರಿದರು. ಕೋಪ ಬರಲಿಲ್ಲ, ಈಕೆ ಇಷ್ಟು ದಿನ ಈ ಭಾರವನ್ನು ಹೊತ್ತು ನಗುತ್ತಿದ್ದಳಲ್ಲ ಎಂದು ಕರುಳು ಹಿಂಡಿತು. "ಅದನ್ನು ಮಾರಿ ಇದನ್ನು ಉಳಿಸಿಕೊಂಡೆ ಎನ್ನು. ಇದೂ ಹೋದರೆ ನೀವು ಎಲ್ಲಿಗೆ ಬರುತ್ತೀರಿ?" ಎಂದರು. "ಆ ಮನೆಯನ್ನು ಕಡಲು ತಿಂದರೆ ತಿನ್ನಲಿ, ತಿನ್ನುವ ತನಕ ಅದು ಯಾರನ್ನೂ ಬಾಡಿಗೆ ಕೇಳುವುದಿಲ್ಲ."

ಬಹಳ ಹೊತ್ತು ಕಳೆದ ಮೇಲೆ ಮಗಳೇ ಹೇಳಿದಳು: "ಮಾರುವುದು ಬೇಡ."

ಆದರೆ ಆ ರಾತ್ರಿಯ ಬೆವರನ್ನು ಇಬ್ಬರೂ ಮರೆತಿರಲಿಲ್ಲ. ಆದುದರಿಂದ ಒಂದು ಮಧ್ಯಮ ಮಾರ್ಗ ಗೊತ್ತಾಯಿತು. ಹಾಲಿನವಳ ಮಗಳು ರಾತ್ರಿ ಬಂದು ಟೀಚರಮ್ಮನ ಮನೆಯಲ್ಲಿ ಮಲಗುವುದು, ಪ್ರತಿಯಾಗಿ ಅವರು ಆಕೆಗೆ ಗಣಿತ ಹೇಳಿಕೊಡುವುದು. ಚಳಿಗಾಲದಲ್ಲಿ ಅವರು ದುಬಾಯಿಗೆ ಬರುವುದು. ಮಗಳು ತನ್ನ ಮನೆಯನ್ನೇ ಮಾರಿ ಒಳನಾಡಿನ ಸಾಧಾರಣ ಕಟ್ಟಡಕ್ಕೆ ಹೋಗುವ ಯೋಚನೆಯನ್ನೂ ಅಳಿಯನೊಡನೆ ಮೊದಲ ಬಾರಿಗೆ ಆಡಿದಳು. ಅದು ಇನ್ನೂ ತೀರ್ಮಾನವಾಗಿಲ್ಲ.

ಹೊರಡುವ ದಿನ ರಂಗೋಲಿಯ ಡಬ್ಬಿಯನ್ನು ಟೀಚರಮ್ಮ ನೇಪಾಳದ ಹೆಣ್ಣುಮಗಳ ಕೈಗಿತ್ತರು. ಉಪ್ಪಿನಕಾಯಿಯ ಭರಣಿಯಲ್ಲಿ ಉಳಿದುದು ಮಲೆಯಾಳಿ ಹುಡುಗನ ಪಾಲಾಯಿತು. ಅವನು ಎಂದಿನಂತೆ ತಲೆಬಾಗಿದ. ಆದರೆ ಕಲಿಸಿದ ಇಂಗ್ಲಿಷ್ ಮಾತನ್ನು ಬಿಟ್ಟು, "ಹೋಗಿ ಬನ್ನಿ, ಅಮ್ಮೆ" ಎಂದ.

ಈಗ ಪ್ರತಿರಾತ್ರಿ ಒಂಬತ್ತಕ್ಕೆ ಮರವಂತೆಯ ಆ ಮನೆಯಲ್ಲಿ ಫೋನು ಬಾರಿಸುತ್ತದೆ. ಊಟವಾಯಿತೆ, ಮಾತ್ರೆ ತೆಗೆದುಕೊಂಡಾಯಿತೆ, ಹುಡುಗಿ ಬಂದಳೆ ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಮಗಳು ಮತ್ತೊಂದು ಮಾತು ಕೇಳುತ್ತಾಳೆ.

"ಅಮ್ಮ, ಫೋನನ್ನು ಸ್ವಲ್ಪ ಕಿಟಕಿಯ ಹತ್ತಿರ ಹಿಡಿ."

ಟೀಚರಮ್ಮ ಕಿಟಕಿಯನ್ನು ತೆರೆದು ಹಿಡಿಯುತ್ತಾರೆ. ಕಡಲು ಅಬ್ಬರಿಸುತ್ತಿರುತ್ತದೆ. ದುಬಾಯಿಯ ಆ ಒಂಬತ್ತನೆಯ ಅಂತಸ್ತಿನಲ್ಲಿ, ಕಡಲಿಗೆ ಎದುರಾಗಿಯೇ ಕುಳಿತು, ಮಗಳು ಅದನ್ನು ಕೇಳುತ್ತಾಳೆ.