ಸುಟ್ಟಿಯ ದಿನ ಕೇಳಿಸಿದ್ದು

ನಮ್ಮ ಶಿರೂರ ಅನಂತಪಾಳದ ಕಡೆ ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವುದಕ್ಕೆ ಮರಾಠಿಯಿಂದ ಬಂದ ‘ಸುಟ್ಟಿ’ ಎಂಬ ಮಾತೇ ಬಳಕೆಯಲ್ಲಿದೆ. ಶಾಲೆಯ ಮಕ್ಕಳಿಗೂ ಸುಟ್ಟಿ, ರೋಗಿಗೂ ಸುಟ್ಟಿ. ಆ ದಿನದ ಗಡಿಬಿಡಿಯೂ ಶಾಲೆಯ ಕೊನೆಯ ಗಂಟೆಯಂಥದೇ: ಬಿಲ್ಲು, ಔಷಧದ ಚೀಟಿ, ಎಕ್ಸ್‌ರೇ ಲಕೋಟೆ, ಹೊರಗೆ ಕಾದು ನಿಂತ ಜೀಪು. ರೋಗಿಯ ಗುಟ್ಟು ಬಯಲಾಗುವುದು ಹೆಚ್ಚಾಗಿ ಈ ಗಡಿಬಿಡಿಯಲ್ಲಿಯೇ. ತಪಾಸಣೆಯ ಕೋಣೆಯಲ್ಲಿ ಪರದೆಯಾದರೂ ಇರುತ್ತದೆ. ಸುಟ್ಟಿಯ ಮೇಜಿಗೆ ಅದೂ ಇಲ್ಲ.

ನನ್ನ ಸೋದರತ್ತೆಗೆ ಬೆನ್ನುಮೂಳೆಯ ಕ್ಷಯವಾಗಿತ್ತು. (ಆಕೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. “ಊರಿಗೆಲ್ಲಾ ಗೊತ್ತಾದದ್ದು ಪೇಪರಿಗೆ ಯಾಕ ಮುಚ್ಚಿಡ್ತಿ, ಬರಿ” ಎಂದಳು.) ಲಾತೂರಿನ ಒಂದು ದೊಡ್ಡ ಆಸ್ಪತ್ರೆಯಿಂದ ಸುಟ್ಟಿಯಾದ ದಿನ ಮಗ ಹಣ ಕಟ್ಟುವ ಸಾಲಿನಲ್ಲಿ ನಿಂತಿದ್ದ. ಅತ್ತೆಗೆ ಸಂತೆಯ ಮರಾಠಿ ಬರುತ್ತದೆ, ದವಾಖಾನೆಯ ಮರಾಠಿ ಬಾರದು. ಕನ್ನಡ ಬಲ್ಲವರು ಯಾರಾದರೂ ಇದ್ದೀರಾ ಎಂದು ನರ್ಸಬಾಯಿ ಕೂಗಿದಾಗ ಮುಂದೆ ಬಂದವನು ನಮ್ಮೂರಿನ ಜೀಪಿನ ಹುಡುಗ. ‘ಕ್ಷಯರೋಗ’ ಎಂಬ ಶಬ್ದ ಮರಾಠಿಯಲ್ಲಿಯೂ ಅದೇ, ಕನ್ನಡದಲ್ಲಿಯೂ ಅದೇ. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಬೆಂಚಿನ ಮೇಲೆ ಕುಳಿತವರೆಲ್ಲ ತಿರುಗಿ ನೋಡಿದರು. ಅದಾದ ಮೇಲೆ ಆಕೆ ಹೇಳಿದ್ದು ಇಷ್ಟು: ಈ ಮಾತ್ರೆಗಳಿಂದ ಮೂತ್ರ ಕೆಂಬಣ್ಣಕ್ಕೆ ತಿರುಗುತ್ತದೆ, ಅಂಜಬಾರದು, ಮಾತ್ರೆ ನಿಲ್ಲಿಸಬಾರದು. ತಾಯಿಯ ವಯಸ್ಸಿನ ಹೆಂಗಸಿಗೆ ಅದನ್ನು ಹೇಳಲು ಹುಡುಗ ನಾಚಿ ಆ ಮಾತನ್ನೇ ನುಂಗಿಕೊಂಡ. ಇದನ್ನು ಮುಂದೆ ಅವನೇ ನನಗೆ ಹೇಳಿದ. ಎರಡು ದಿನಗಳಲ್ಲಿ ಅತ್ತೆ, ರಕ್ತವೇ ಹೋಗುತ್ತಿದೆಯೆಂದು ಹೆದರಿ, ಯಾರಿಗೂ ಹೇಳದೆ ಮಾತ್ರೆ ಬಿಟ್ಟಳು. ಅದು ಮಗನಿಗೆ ತಿಳಿಯಲು ಒಂದು ವಾರ ಹಿಡಿಯಿತು.

ಹುಡುಗ ಕೆಟ್ಟವನಲ್ಲ. ಅತ್ತೆಯ ಬೆನ್ನು ಅಲುಗದಂತೆ ಅಷ್ಟು ದೂರ ಜೀಪು ನಡೆಸಿದವನು ಅವನೇ. ಆದರೆ ಸಂಜೆಯೊಳಗೆ ಊರಿಗೆ ಸುದ್ದಿ ಮುಟ್ಟಿತು. ಬೆನ್ನುಮೂಳೆಯ ಕ್ಷಯವು ಶ್ವಾಸಕೋಶದ ಕ್ಷಯದಂತೆ ಕೆಮ್ಮಿನಿಂದ ಹರಡುವುದಲ್ಲ ಎಂಬ ಭೇದ ಮಾತ್ರ ಸುದ್ದಿಯ ಜೊತೆಗೆ ಬರಲಿಲ್ಲ. ಓಣಿಯ ಹೆಂಗಸರು ಕಟ್ಟೆಗೆ ಬಂದು ಕೂಡುವುದನ್ನು ಬಿಟ್ಟರು. ಮೊಮ್ಮಗಳನ್ನು ನೋಡಲು ನಿಲಂಗಾದಿಂದ ಬರಬೇಕಾಗಿದ್ದ ಬೀಗರು ಬರಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ಸರಕಾರಕ್ಕೆ ತಿಳಿಯುವುದು ಬೇರೆ, ಊರಿಗೆ ತಿಳಿಯುವುದು ಬೇರೆ. ಕ್ಷಯದ ಪ್ರತಿಯೊಂದು ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ತಿಳಿಸುವುದು 2012ರಿಂದ ಕಡ್ಡಾಯವಾಗಿದೆ, ಅದು ಸರಿಯೇ. ವೈದ್ಯರ ನಡವಳಿಕೆಯ ಕುರಿತಾದ 2002ರ ನಿಯಮಗಳು ರೋಗಿಯ ಗುಟ್ಟನ್ನು ಕಾಯಬೇಕೆಂದು ವಿಧಿಸಿ, ನ್ಯಾಯಾಲಯದ ಆದೇಶ, ವರದಿ ಮಾಡಲೇಬೇಕಾದ ರೋಗ ಮುಂತಾದ ಕೆಲವೇ ಹೊರತುಗಳನ್ನು ಹೇಳಿವೆ. ಬೆಂಚಿನ ಮೇಲೆ ಕುಳಿತವರು ಅವುಗಳಲ್ಲಿ ಇಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ, 2018ರಲ್ಲಿ ಹೊರಬಂದ ರೋಗಿಗಳ ಹಕ್ಕುಗಳ ಸನ್ನದು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರ ಹೇಳಬೇಕೆನ್ನುತ್ತದೆ, ಗೋಪ್ಯತೆಯನ್ನೂ ಕಾಯಬೇಕೆನ್ನುತ್ತದೆ. ಮುಂಬಯಿ, ಪುಣೆಗಳಲ್ಲಿ ಕುಳಿತವರಿಗೆ ಇವು ಎರಡು ಬೇರೆ ಹಕ್ಕುಗಳಾಗಿ ಕಾಣಬಹುದು. ಗಡಿಯ ಕನ್ನಡಿಗರಿಗೆ ಒಂದು ದೊರೆತರೆ ಇನ್ನೊಂದು ಕಳೆಯುತ್ತದೆ. ಇಲ್ಲಿಯ ದವಾಖಾನೆಗಳಲ್ಲಿ ನಮ್ಮ ಭಾಷೆ ಬಲ್ಲ ಕಿವಿಯೆಂದರೆ ಬಹುತೇಕ ನಮ್ಮೂರಿನ ಕಿವಿಯೇ ಆಗಿರುತ್ತದೆ.

ಈಗ ನನ್ನನ್ನೂ ಕೆಲವರು ದುಭಾಷಿಯಾಗಿ ಕರೆದೊಯ್ಯುತ್ತಾರೆ. ನಾನು ಮೊದಲು ರೋಗಿಯನ್ನೇ ಕೇಳುತ್ತೇನೆ: “ನಾ ಇಲ್ಲೇ ಇರ್ಲ್ಯೋ, ಹೊರಗ ನಿಂದರ್ಲ್ಯೋ?” ರೋಗದ ಹೆಸರನ್ನು ಬಾಯಿಂದ ಹೇಳದೆ ಕಾಗದದ ಮೇಲೆ ಬೆರಳಿಟ್ಟು ತೋರಿಸಿರೆಂದು ನರ್ಸಬಾಯಿಯನ್ನು ಬೇಡಿಕೊಳ್ಳುತ್ತೇನೆ, ಇದುವರೆಗೆ ಯಾರೂ ಬೇಸರಪಟ್ಟಿಲ್ಲ. ಔಷಧದ ಅಂಗಡಿಗೆ ಮಾತ್ರೆಯ ಚೀಟಿಯೊಂದೇ ಸಾಕು, ಇಡೀ ಡಿಸ್ಚಾರ್ಜ್ ಕಾರ್ಡನ್ನು ಅಲ್ಲಿ ಹರಡಬೇಕಾಗಿಲ್ಲ. ಆದರೆ ಮಾತ್ರೆಯ ವಿಷಯದಲ್ಲಿ ನಾಚಿಕೆ ಇಟ್ಟುಕೊಳ್ಳುವುದಿಲ್ಲ. ಎರಡು ಸಲ ಹೇಳಿ, ರೋಗಿಯ ಬಾಯಿಂದ ಒಮ್ಮೆ ಹೇಳಿಸುತ್ತೇನೆ.

ಕಳೆದ ತಿಂಗಳು ಉದಗೀರದಲ್ಲಿ ಒಬ್ಬ ಮುದುಕಿ, ಮರಾಠಿ ಶಾಲೆ ಕಲಿತ ಸೊಸೆ ಪಕ್ಕದಲ್ಲಿದ್ದರೂ, “ನೀ ಚಹಾ ಕುಡದು ಬಾ” ಎಂದು ಆಕೆಯನ್ನು ಕಳಿಸಿ ನನ್ನನ್ನು ಒಳಗೆ ಕರೆದಳು. ಹೊರಗೆ ಬಂದಾಗ ಸೊಸೆ ಬಾಗಿಲಲ್ಲಿಯೇ ನಿಂತಿದ್ದಳು.

“ಏನಂದ್ರು, ಕಾಕಾ?”

“ಅತ್ತಿಗೇ ಕೇಳವ್ವಾ” ಎಂದೆ.