ಪಾತ್ರೆಯ ಬಾಯಿಯೂ ಕಾಫಿಯ ರುಚಿಯೂ

ಕಾಮಗೆರೆಯ ನಮ್ಮ ಶಾಲೆಗೆ ಸೇರುವುದಕ್ಕೆ ಮುಂಚೆ ನಾವು ಕಾಫಿಯನ್ನು ಕುಡಿದಿದ್ದೆವೇ ಹೊರತು ಅದರ ರುಚಿಯನ್ನು ಅರಿತಿರಲಿಲ್ಲ. ಎಂಜಲಾಗಬಾರದೆಂದು ಲೋಟವನ್ನು ಎತ್ತಿ ಬಾಯಿಗೆ ಹೊಯ್ದುಕೊಳ್ಳುವುದೇ ಮನೆಯ ಪದ್ಧತಿಯಾಗಿದ್ದಿತು. ವಿದ್ಯಾರ್ಥಿನಿಲಯದ ಅಗಲಬಾಯಿಯ ಬಟ್ಟಲನ್ನು ಮೊದಲ ಸಲ ತುಟಿಗಿಟ್ಟು ಗುಟುಕರಿಸಿದಾಗ, ಇದು ಬೇರೊಂದು ಪಾನೀಯವೋ ಎಂದು ಬೆರಗಾದೆವು.

ಕಾರಣವು ಸರಳವಾದದ್ದು. ನಾವು ರುಚಿಯೆನ್ನುವುದರಲ್ಲಿ ಬಹುಭಾಗವು ಪರಿಮಳವೇ. ನೆಗಡಿಯಾದಾಗ ಊಟವು ಸಪ್ಪೆಯೆನಿಸುವುದು ಇದರಿಂದಲೇ. ಅಗಲಬಾಯಿಯ ಬಟ್ಟಲನ್ನು ತುಟಿಗಿಟ್ಟರೆ ಹಬೆಯು ನೇರವಾಗಿ ಮೂಗಿಗೆ ಬರುವುದು. ಎತ್ತಿ ಹೊಯ್ದುಕೊಂಡ ಧಾರೆಯಾದರೋ ನಾಲಿಗೆಯ ಮೇಲೆ ನಿಲ್ಲದೆ ಗಂಟಲಿಗಿಳಿಯುವುದು.

ಪಾತ್ರೆಗೆ ಮತ್ತೊಂದು ರುಚಿಯೂ ಉಂಟೆಂದು ನಮಗೆ ತಿಳಿಸಿದವಳು ಸಹಪಾಠಿಯೊಬ್ಬಳು. ಅವಳ ತಂದೆಗೆ ಊರ ಹೋಟೆಲಿನವರು ಹೊರಗೆ ನಿಲ್ಲಿಸಿ ತೆಂಗಿನ ಚಿಪ್ಪಿನಲ್ಲಿ ಕಾಫಿ ಹೊಯ್ಯುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿದ ಮೇಲೂ ಆ ಚಿಪ್ಪು ಸೂರಿನ ಸಂದಿಯಲ್ಲಿ ಉಳಿದಿದ್ದಿತಂತೆ. ಒಳಗಿನವರಿಗೂ ಅದೇ ಒಲೆಯ ಕಾಫಿ, ಅದೇ ಬೆಲ್ಲ; ಆದರೂ ಅಪ್ಪನಿಗೆ ಅದು ಕಹಿಯಾಗಿತ್ತೆಂದಳು.

ಒಂದು ಸಂಜೆ ಅವಳು ಕುಡಿದು ಅರ್ಧವುಳಿಸಿದ ಬಟ್ಟಲನ್ನು ನಮಗೆ ನೀಡಿದಳು. ನಾವು ಕ್ಷಣಕಾಲ ಹಿಂಜರಿದೆವು. ಅವಳು ಅದನ್ನು ಕಂಡಳು. ಕೈಯನ್ನು ಮಾತ್ರ ಹಿಂತೆಗೆಯಲಿಲ್ಲ. ಕುಡಿದೆವು. ಕಾಫಿ ಆರಿಹೋಗಿದ್ದಿತು, ಆದರೂ ಅದಕ್ಕಿಂತ ಸವಿಯಾದದ್ದನ್ನು ಆಮೇಲೆ ಕುಡಿದ ನೆನಪಿಲ್ಲ.

ಪ್ರಿಯ ಸಹೋದರಿಯರೇ, ಮನೆಗೆಲಸದವಳಿಗೆಂದು ಬೇರೆಯಾಗಿಟ್ಟ ಲೋಟವು ನಮ್ಮ ಅಡಿಗೆಮನೆಯ ಮೂಲೆಯಲ್ಲಿ ಇನ್ನೂ ಇದ್ದರೆ, ಈ ದಿನವೇ ಅದನ್ನು ಉಳಿದ ಲೋಟಗಳೊಡನೆ ಸೇರಿಸಿಡೋಣ.