ಅಳತೆ ಪುಸ್ತಕ

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಸ್ಟೇಷನ್ ಬಳಿ ಎರಡು ಲೋಕಲ್‌ಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ನಿಂತಿದ್ದವರು ಕೆಳಗೆ ಬಿದ್ದರು. ಅಂದೇ ನಾಲ್ವರು ತೀರಿಕೊಂಡರು. ಒಬ್ಬರ ಬೆನ್ನಚೀಲ ಇನ್ನೊಬ್ಬರಿಗೆ ತಾಗಿರಬೇಕು ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು. ಚೀಲ ಎಂದದ್ದೇ ನನಗೆ ನಮ್ಮ ಟೈಲರ್ ನೆನಪಾದ.

ಕುಂದಾಪುರದ ಕಡೆಯ ಹುಡುಗ. ಹತ್ತನೇ ಕ್ಲಾಸ್ ಮುಗಿಸಿ, ನಮ್ಮೂರ ಎಷ್ಟೋ ಹುಡುಗರ ಹಾಗೆ, ಮಾವನ ಹಿಂದೆ ಥಾಣೆಯ ಹೋಟೆಲಿಗೆ ಬಂದವನು. ಆರು ತಿಂಗಳು ಟೇಬಲ್ ಒರೆಸಿ, ಇದು ತನ್ನಿಂದಾಗದು ಎಂದು ಹೊಲಿಗೆ ಕಲಿತ. ಡೊಂಬಿವಲಿಯ ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮೆಷಿನ್, ಒಂದು ಇಸ್ತ್ರಿಪೆಟ್ಟಿಗೆ, ಒಂದು ಹಲಗೆ ಇಟ್ಟುಕೊಂಡ. ಗಿರಾಕಿಗಳೆಲ್ಲ ಮರಾಠಿಯವರು, ಅಳತೆ ಪುಸ್ತಕ ಮಾತ್ರ ಕನ್ನಡದಲ್ಲಿ. ಯಾಕೆಂದು ಕೇಳಿದರೆ, “ಬಾಯಗೆ ಮರಾಠಿ ಬತ್ತ್ ಅಕ್ಕ, ಕೈಯಗೆ ಬತ್ತಿಲ್ಲೆ” ಎಂದು ನಗುತ್ತಿದ್ದ. ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ‘ಮೂರನೇ ಮಾಳಿಗೆ ಟೀಚರ್’, ‘ತುಳಸಿಕಟ್ಟೆ ಅಜ್ಜಿ’, ‘ಜಗಳದ ಬಾಯಿ’ ಎಂದಷ್ಟೇ.

2007ರ ದೀಪಾವಳಿಗೆ ನಾಲ್ಕು ದಿನವಿತ್ತು. ಹಬ್ಬದ ಬೆಳಿಗ್ಗೆ ಫಡ್ಕೆ ರೋಡಿನಲ್ಲಿ ಹೊಸ ಬಟ್ಟೆಯ ಜನಸಾಗರ. ಊರಿಗೆ ಊರೇ ಗಣಪತಿ ಗುಡಿಯ ಕಡೆ ಹೊರಟಿರುತ್ತದೆ. ನನಗೂ ಅಷ್ಟರೊಳಗೆ ಬ್ಲೌಸ್ ಬೇಕಿತ್ತು. ಲೈನಿಂಗಿಗೆ ಸರಿಯಾದ ಬಣ್ಣ ಇಲ್ಲಿ ಸಿಗಲಿಲ್ಲ. “ಹತ್ರದ ಬಣ್ಣ ಹಾಕ್ತೆ ಅಕ್ಕ, ಒಳಗಿಂದಲ್ದಾ, ಕಾಂತಿಲ್ಲೆ” ಎಂದ. ನಾನು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಎಂಟರ ಗದ್ದಲದಲ್ಲಿ ಹೆಗಲಿಗೆ ಚೀಲ ಹಾಕಿ ದಾದರಿಗೆ ಹೊರಟ. ಕೋಪರ್ ದಾಟಿ ದಿವಾ ಬರುವುದರೊಳಗೆ ಬಿದ್ದ. ಇಪ್ಪತ್ತಮೂರು ವರ್ಷ.

ಅಪ್ಪ ಅಮ್ಮ ಮತ್ಸ್ಯಗಂಧದಲ್ಲಿ ಬಂದು ಥಾಣೆಯಲ್ಲಿ ಇಳಿದರು. ಕಾರ್ಯವೆಲ್ಲ ಮುಗಿದ ಮೇಲೆ ಗಿರಾಕಿಗಳ ಬಟ್ಟೆ ಹಿಂದಿರುಗಿಸಬೇಕಿತ್ತು. ಪುಸ್ತಕ ಓದಬಲ್ಲವಳು ಕಟ್ಟಡದಲ್ಲಿ ನಾನೊಬ್ಬಳೇ. ಮೆಟ್ಟಿಲ ಮೇಲೆ ಕೂತು ಒಂದೊಂದೇ ಪುಟ ಓದಿ, ಗಂಟು ಹುಡುಕಿ ಕೊಟ್ಟೆ. ‘ಜಗಳದ ಬಾಯಿ’ ಅತ್ತುಕೊಂಡೇ ಬಟ್ಟೆ ತೆಗೆದುಕೊಂಡು, ನನ್ನ ಬಗ್ಗೆ ಏನು ಬರೆದಿದ್ದಾನೆ ಎಂದು ಕೇಳಿದರು. “ನಾಲ್ಕನೇ ಮಾಳಿಗೆ ಎಂದಿದೆ” ಎಂದೆ.

ಕೊನೆಯ ಪುಟದಲ್ಲಿ ನಾನಿದ್ದೆ. ‘ಊರಿನ ಅಕ್ಕ. ಲೈನಿಂಗ್ ದಾದರಿಂದ ತರಬೇಕು.’ ಪಕ್ಕದಲ್ಲೇ ಅವನ ತಾಯಿ ಕೂತಿದ್ದರು. ಅವರಿಗೆ ಓದು ಬಾರದು. ನಾನು ಅದನ್ನು ಗಟ್ಟಿಯಾಗಿ ಓದಲಿಲ್ಲ. ಪುಸ್ತಕ ಮುಚ್ಚಿದೆ.

ಮೆಷಿನನ್ನು ಅಪ್ಪ ಊರಿಗೆ ಒಯ್ದರು. ತಾಯಿ ಪುಸ್ತಕ ಕೇಳಿದರು. ಇನ್ನೇನು ಉಪಯೋಗ ಎಂದು ಯಾರೋ ಅಂದಾಗ, “ಅವನ ಅಕ್ಷರ ಇತ್ತಲೆ” ಎಂದರು.

ಮುಂಬ್ರಾದ ದುರಂತದ ಬೆನ್ನಿಗೆ ರೈಲ್ವೆಯವರು ಇನ್ನು ಮುಂದೆ ಬರುವ ಹೊಸ ಲೋಕಲ್‌ಗಳಲ್ಲಿ ತಾನಾಗಿ ಮುಚ್ಚುವ ಬಾಗಿಲು ಇರುತ್ತದೆ ಎಂದರು. ಬರಲಿ. ಊರಿಗೆ ಹೋಗುವಾಗೆಲ್ಲ ಕುಂದಾಪುರ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ಅವನ ಮನೆ ದೂರವೇನಲ್ಲ. ಇದುವರೆಗೆ ಹೋಗಿಲ್ಲ. ಆ ಪುಟವನ್ನು ಅವರು ಯಾರಿಂದಲಾದರೂ ಓದಿಸಿರಬಹುದು.